ಜೋಡಿಯಾಗಿ ಮಣ್ಣಿನ ಪಾತ್ರೆಗೆ ಬಣ್ಣ ಹಚ್ಚೋದು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೆ ಒಂದೆರಡು ಶನಿವಾರ ನಾನೂ ನಮ್ಮನೆಯವರೂ ಪಾತ್ರೆಗೆ ಬಣ್ಣ ಹಚ್ಚಲು ಸ್ಟುಡಿಯೋಗೆ ಹೋಗುತ್ತೇವೆ. ಇಬ್ಬರೂ ಕಲಾವಿದರಲ್ಲ. ಮೊದಲ ಸಲ ಹೋದಾಗ ಇವರು ತಟ್ಟೆಯ ಮೇಲೆ ಬಿಡಿಸಿದ ಮೀನನ್ನು ಪಕ್ಕದ ಮೇಜಿನವರು ಎಲೆ ಅಂದುಕೊಂಡರು. ಆದರೂ ಹೋಗುವುದು ಬಿಡಲಿಲ್ಲ. ಮನೆಗೆ ಬಂದವರು ಕಪಾಟು ನೋಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ನಮಗೆ ಚಿತ್ರ ಬಿಡಿಸೋಕೇ ಬರಲ್ಲ. ಆದ್ರೂ ಹೋಗಬಹುದಾ?

ಹೋಗಿ. ಅಲ್ಲಿ ಬರುವವರಲ್ಲಿ ಎಷ್ಟೋ ಜನ ಶಾಲೆ ಬಿಟ್ಟ ಮೇಲೆ ಬ್ರಷ್ ಮುಟ್ಟಿದವರೇ ಅಲ್ಲ. ನಿಜ ಹೇಳಬೇಕೆಂದರೆ, ಚೆನ್ನಾಗಿ ಚಿತ್ರ ಬಿಡಿಸುವವರಿಗೇ ಇಲ್ಲಿ ಮೊದಮೊದಲು ಕಸಿವಿಸಿ. ಕಾಗದದ ಮೇಲೆ ಸರಾಗವಾಗಿ ಓಡುವ ಕೈ ಇಲ್ಲಿ ಓಡುವುದಿಲ್ಲ. ಸುಟ್ಟ ಮಣ್ಣು ಬ್ರಷ್‌ನಲ್ಲಿರುವ ನೀರನ್ನು ತಟ್ಟನೆ ಹೀರಿಬಿಡುತ್ತದೆ. ಉದ್ದ ಗೆರೆ ಎಳೆಯಲು ಹೊರಟರೆ ಅರ್ಧ ದಾರಿಯಲ್ಲೇ ಬ್ರಷ್ ಒಣಗಿ ನಿಲ್ಲುತ್ತದೆ. ಚಿತ್ರ ಬಾರದವರಿಗೆ ಈ ಬೇಜಾರಿಲ್ಲ. ಇದು ಹೀಗೇ ಇರುತ್ತೆ ಅಂದುಕೊಂಡು ಮುಂದುವರಿಯುತ್ತಾರೆ.

ಮಣ್ಣು ಕಲಸಿ ಚಕ್ರ ತಿರುಗಿಸಬೇಕಾ?

ಇಲ್ಲ. ಅದು ಬೇರೆಯೇ ವಿದ್ಯೆ, ಕೈ ಕುದುರಲು ತಿಂಗಳುಗಟ್ಟಲೆ ಬೇಕು. ಇಲ್ಲಿ ಪಾತ್ರೆಯನ್ನು ಆಗಲೇ ಮಾಡಿ, ಒಣಗಿಸಿ, ಒಂದು ಸಲ ಸುಟ್ಟು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಇದಕ್ಕೆ ಬಿಸ್ಕ್ ಎನ್ನುತ್ತಾರೆ. ನೋಡಲು ಬೆಳ್ಳಗೆ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಒಣಒಣ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖ ಕಂಡು ಬಂದಿರುವುದರಿಂದ ನೀರು ಬಿದ್ದರೂ ಮತ್ತೆ ಕೆಸರಾಗುವುದಿಲ್ಲ. ಆದರೆ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ನೀರು ಹೀರುವುದೂ ಅದಕ್ಕೇ, ಬಣ್ಣ ಹಿಡಿದುಕೊಳ್ಳುವುದೂ ಅದಕ್ಕೇ.

ನಮ್ಮ ಕೆಲಸ ಬಣ್ಣ ಹಚ್ಚುವುದಷ್ಟೇ. ಆಮೇಲೆ ಸ್ಟುಡಿಯೋದವರು ಅದನ್ನು ಗ್ಲೇಜ್‌ನಲ್ಲಿ ಅದ್ದಿ ಕಿಲ್ನ್‌ನಲ್ಲಿಟ್ಟು ಇನ್ನೊಮ್ಮೆ ಸುಡುತ್ತಾರೆ. ಗ್ಲೇಜ್ ಅಂದರೆ ಗಾಜಿನ ಪುಡಿ ಕಲಸಿದ ತೆಳು ಹಿಟ್ಟಿನಂಥದ್ದು ಅಂದುಕೊಳ್ಳಿ. ಬೆಂಕಿಯಲ್ಲಿ ಕರಗಿ ಪಾತ್ರೆಗೆ ಗಾಜಿನ ಹೊದಿಕೆಯಾಗುತ್ತದೆ. ಕಿಲ್ನ್ ಅಂದರೆ ಕುಂಬಾರರ ಆವಿಗೆಯೇ, ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕರೆಂಟಿನದು.

ಎಷ್ಟು ಹೊತ್ತು ಬೇಕು?

ಒಂದು ಮಗ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ. ಆಯ್ಕೆ ಮಾಡುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ, ನಮಗಂತೂ ಜಾಸ್ತಿಯೇ. ಮುಂದೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಐದು ಗಂಟೆಗೆ ಇನ್ನೆಲ್ಲೋ ಹೋಗಬೇಕು ಅಂತ ಗಡಿಯಾರ ನೋಡುತ್ತಾ ಕೂತರೆ ಮೂರನೇ ಕೋಟ್ ಯಾರೂ ಹಚ್ಚುವುದಿಲ್ಲ.

ಸಂಗಾತಿಗೆ ಇದರಲ್ಲಿ ಆಸಕ್ತಿಯೇ ಇಲ್ಲ. ಹೇಗೆ ಒಪ್ಪಿಸೋದು?

ಒಪ್ಪಿಸಲು ಹೋಗಬೇಡಿ, ಸುಮ್ನೆ ಜೊತೆಗೆ ಬನ್ನಿ ಅನ್ನಿ. ನಮ್ಮನೆಯವರು ಮೊದಲ ಸಲ ಬಂದದ್ದು "ನೀನು ಹಚ್ಕೋ, ನಾನು ಕೂತಿರ್ತೀನಿ" ಅನ್ನುವ ಷರತ್ತಿನ ಮೇಲೆ. ಫೋನ್ ಹಿಡಿದು ಕೂತರು. ನಾನು ಒಂದು ಬಟ್ಟಲು ತೆಗೆದುಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ "ರೀ, ಒಳಗಡೆ ಒಂದು ಕೋಟ್ ಹಚ್ಚಿಕೊಡ್ತೀರಾ, ನಾನು ಹೊರಗಿನದು ಮಾಡ್ತೀನಿ" ಅಂದೆ. ಒಳಗಡೆ ಅಂದರೆ ಚಿತ್ರ ಇಲ್ಲ, ಒಂದೇ ಬಣ್ಣ, ಕೆಡಿಸಲು ಏನೂ ಇಲ್ಲ. ಹತ್ತು ನಿಮಿಷ ಬಿಟ್ಟು ಅವರೇ "ಇದು ಒಣಗಿತು ಕಣೇ, ಇನ್ನೊಂದು ಕೋಟ್ ಬೇಕಲ್ವಾ?" ಅಂದರು. ಆ ಬಟ್ಟಲು ಮುಗಿಯುವ ಮೊದಲೇ ಎದ್ದು ಹೋಗಿ ತಮಗೊಂದು ತಟ್ಟೆ ತಂದರು. ಮೇಲೆ ಹೇಳಿದ ಮೀನು ಅದರ ಮೇಲೇ ಹುಟ್ಟಿದ್ದು.

ಮನಸ್ಸಿಲ್ಲದವರಿಗೆ "ನಿಮಗಿಷ್ಟ ಬಂದದ್ದು ಬಿಡಿಸಿ" ಅಂದರೆ ಭಯವಾಗುತ್ತದೆ. ಒಂದು ಚಿಕ್ಕ ಕೆಲಸ ಕೊಟ್ಟರೆ ಭಯವಾಗುವುದಿಲ್ಲ. ಎರಡು ಮೂರು ಸಲ ಬಂದೂ ಇಷ್ಟವಾಗಲಿಲ್ಲ ಅಂದರೆ ಬಿಟ್ಟುಬಿಡಿ. ಎಲ್ಲರಿಗೂ ಎಲ್ಲವೂ ರುಚಿಸಬೇಕಾಗಿಲ್ಲ.

ಮೊದಲ ಸಲ ಯಾವ ಪಾತ್ರೆ ಆರಿಸೋದು?

ಚಪ್ಪಟೆಯದು, ಚಿಕ್ಕದು. ಅಂಗೈಯಗಲದ ತಟ್ಟೆ ಅಥವಾ ಟೈಲ್ ಆದರೆ ಮೇಜಿನ ಮೇಲೆ ಇಟ್ಟೇ ಬಣ್ಣ ಹಚ್ಚಬಹುದು, ಕೈ ಅಲುಗಾಡುವುದಿಲ್ಲ. ಮಗ್ ಎಲ್ಲರಿಗೂ ಬೇಕು, ಆದರೆ ಅದು ದುಂಡಗೆ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಚ್ಚುವಷ್ಟರಲ್ಲಿ ಹಿಡಿದ ಬೆರಳಿಗೇ ಹಸಿ ಬಣ್ಣ ಅಂಟಿರುತ್ತದೆ. ಒಳಗೆ ಕೈ ತೂರಿಸಿ ಹಿಡಿಯುವುದನ್ನು ಮೊದಲೇ ರೂಢಿ ಮಾಡಿಕೊಳ್ಳಿ. ಮೂತಿ, ಮುಚ್ಚಳ, ಹಿಡಿ ಎಲ್ಲ ಇರುವ ಕೆಟಲ್‌ಗಳನ್ನು ನೋಡಿದರೆ ಆಸೆಯಾಗುತ್ತದೆ, ನನಗೂ ಆಯಿತು. ಮೂರು ಗಂಟೆ ಕೂತರೂ ಮುಗಿಯದೆ ಹಿಡಿಯ ಒಳಮೈಯನ್ನು ಬಿಳಿಯಾಗಿಯೇ ಬಿಟ್ಟು ಬಂದೆ.

ಆರಿಸುವಾಗ ಪಾತ್ರೆಯನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೇರೆಯದು ತೆಗೆದುಕೊಳ್ಳಿ. ಕಿಲ್ನ್‌ನಲ್ಲಿ ಬಿರುಕು ಕೂಡಿಕೊಳ್ಳುವುದಿಲ್ಲ, ಅಗಲವಾಗುತ್ತದೆ.

ಇಬ್ಬರೂ ಒಂದೇ ಪಾತ್ರೆಗೆ ಹಚ್ಚೋದಾ, ಬೇರೆ ಬೇರೆನಾ?

ಈ ಪ್ರಶ್ನೆಗೆ ನನ್ನ ಹತ್ತಿರ ಗಟ್ಟಿ ಅಭಿಪ್ರಾಯವೇ ಇದೆ: ಮೊದಲ ಕೆಲವು ಸಲ ಬೇರೆ ಬೇರೆ.

ಕಾರಣ ಹೇಳುತ್ತೇನೆ. ನಮ್ಮ ಮೂರನೇ ಭೇಟಿ ಇರಬೇಕು. ಇವರು ಒಂದು ಮಗ್‌ನ ಅಂಚಿಗೆ ಸುತ್ತಲೂ ಚುಕ್ಕಿ ಇಟ್ಟಿದ್ದರು. ಬ್ರಷ್ ತೊಳೆಯಲು ಎದ್ದು ಹೋದಾಗ ನೋಡಿದೆ, ಐದಾರು ಚುಕ್ಕಿ ಸೊಟ್ಟಗಿದ್ದವು. ಮನಸ್ಸು ತಡೆಯಲಿಲ್ಲ, ಸರಿ ಮಾಡಿದೆ. ಬಂದವರು ನೋಡಿದರು, ಏನೂ ಅನ್ನಲಿಲ್ಲ. ಮಗ್ ಸುಟ್ಟು ಮನೆಗೆ ಬಂತು. ಇವತ್ತಿಗೂ ಅದರಲ್ಲಿ ಕುಡಿಯುವಾಗ ನಾನು ತಿದ್ದಿದ ಕಡೆಯನ್ನು ಆಚೆ ತಿರುಗಿಸಿ ಹಿಡಿಯುತ್ತಾರೆ. ಅವತ್ತಿನಿಂದ ನಮ್ಮಲ್ಲಿ ಒಂದೇ ಒಂದು ಕಾನೂನು: ಕೇಳದೆ ಇನ್ನೊಬ್ಬರ ಪಾತ್ರೆ ಮುಟ್ಟುವಂತಿಲ್ಲ. "ಇಲ್ಲಿ ಸ್ವಲ್ಪ ನೀಲಿ ಇದ್ರೆ ಚೆನ್ನಾಗಿರ್ತಿತ್ತೇನೋ" ಅನ್ನುವುದೂ ಮುಟ್ಟಿದ ಲೆಕ್ಕವೇ.

ಇದು ರೂಢಿಯಾದ ಮೇಲೆ ಒಂದೇ ಪಾತ್ರೆಗೆ ಇಬ್ಬರೂ ಕೈ ಹಾಕಬಹುದು, ಆದರೆ ಕೆಲಸ ಹಂಚಿಕೊಂಡು. ಒಬ್ಬರದು ಒಳಗು, ಇನ್ನೊಬ್ಬರದು ಹೊರಗು. ಅಥವಾ ಒಬ್ಬರು ಹಿನ್ನೆಲೆಯ ಬಣ್ಣ ಹಚ್ಚುವುದು, ಒಣಗಿದ ಮೇಲೆ ಇನ್ನೊಬ್ಬರು ಅದರ ಮೇಲೆ ಬಿಡಿಸುವುದು. ನಮಗೆ ಜಾಸ್ತಿ ಇಷ್ಟವಾದದ್ದು ಅದಲು ಬದಲು ಆಟ. ಇಬ್ಬರೂ ಒಂದೊಂದು ತಟ್ಟೆ ಶುರು ಮಾಡಿ ಅರ್ಧ ಗಂಟೆಗೆ ಬದಲಾಯಿಸಿಕೊಳ್ಳುತ್ತೇವೆ. ಆಮೇಲೆ ಅದು ನನ್ನದು ಇದು ನಿಮ್ಮದು ಅನ್ನುವ ಹಾಗೇ ಇಲ್ಲ.

ಕೆಲಸ ಹಂಚಿಕೊಳ್ಳುವುದು ಹೊಸದೇನಲ್ಲ. ಹಳೆಯ ಗ್ರೀಕ್ ಹೂಜಿಗಳಲ್ಲಿ ಕೆಲವದರ ಮೇಲೆ "ಇಂಥವನು ನನ್ನನ್ನು ಮಾಡಿದ" ಅಂತ ಒಂದು ಸಹಿ, "ಇಂಥವನು ನನ್ನ ಮೇಲೆ ಚಿತ್ರ ಬರೆದ" ಅಂತ ಇನ್ನೊಂದು ಸಹಿ ಇದೆ. ಮಾತಾಡುವುದು ಹೂಜಿಯೇ! ಎಕ್ಸೆಕಿಯಾಸ್ ಅನ್ನುವ ಗ್ರೀಕ್ ಕುಂಬಾರನಂಥವರು ಎರಡೂ ಕೆಲಸ ತಾವೇ ಮಾಡಿ ಎರಡಕ್ಕೂ ಸಹಿ ಹಾಕಿದ್ದುಂಟು.

ಗಂಡ ಹೆಂಡತಿ ಜೋಡಿ ಬೇಕು ಅಂದರೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಸಾನ್ ಇಲ್ಡೆಫಾನ್ಸೋ ಪ್ವೆಬ್ಲೋ ಊರಿನ ಮರಿಯಾ ಮತ್ತು ಹೂಲಿಯಾನ್ ಮಾರ್ಟಿನೆಜ್ ಇದ್ದಾರೆ. ಮರಿಯಾ ಚಕ್ರವೇ ಇಲ್ಲದೆ ಮಣ್ಣಿನ ಸುರುಳಿ ಸುತ್ತಿ ಮಡಕೆ ಕಟ್ಟಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಹೂಲಿಯಾನ್ ಅದರ ಮೇಲೆ ತೆಳು ಮಣ್ಣಿನ ನೀರಿನಿಂದ ಚಿತ್ತಾರ ಬರೆಯುತ್ತಿದ್ದರು. ಸುಡುವಾಗ ಬೆಂಕಿಯ ಮೇಲೆ ಕುದುರೆ ಲದ್ದಿಯ ಪುಡಿ ಸುರಿದು ಗಾಳಿ ಆಡದಂತೆ ಮುಚ್ಚಿದರೆ ಕೆಂಪು ಮಣ್ಣು ಕಪ್ಪಾಗುತ್ತದೆ. ತಿಕ್ಕಿದ ಕಡೆ ಹೊಳೆಯುವ ಕಪ್ಪು, ಬರೆದ ಕಡೆ ಮಂಕು ಕಪ್ಪು. ಕಪ್ಪಿನ ಮೇಲೆ ಕಪ್ಪು ಅನ್ನುವ ಈ ಬಗೆಯನ್ನು ಇಬ್ಬರೂ ಸೇರಿ 1919ರ ಆಸುಪಾಸಿನಲ್ಲಿ ಹದಕ್ಕೆ ತಂದರು. ಮುಂದೆ ಮಡಕೆಯ ತಳದಲ್ಲಿ ಇಬ್ಬರ ಹೆಸರೂ ಬರತೊಡಗಿತು. 1943ರಲ್ಲಿ ಹೂಲಿಯಾನ್ ತೀರಿಕೊಳ್ಳುವವರೆಗೂ ಅದು ಜೋಡಿ ಕೆಲಸವಾಗಿಯೇ ನಡೆಯಿತು. ನಾವು ಅವರ ಹತ್ತಿರ ಸುಳಿಯುವ ಮಾತೇ ಇಲ್ಲ. ಆದರೆ ನಮ್ಮ ತಟ್ಟೆಗಳ ಹಿಂದೆಯೂ ಈಗ ಎರಡು ಹೆಸರು ಇರುತ್ತದೆ.

ಡಬ್ಬಿಯಲ್ಲಿ ಕಂಡ ಬಣ್ಣವೇ ಬೇರೆ, ಹಚ್ಚಿದರೆ ಬರುವುದೇ ಬೇರೆ. ಮೋಸ ಹೋದ್ವಾ?

ಇಲ್ಲ, ಎಲ್ಲರಿಗೂ ಹಾಗೆಯೇ. ಇಲ್ಲಿ ಬಳಸುವುದು ಹೆಚ್ಚಾಗಿ ಅಂಡರ್‌ಗ್ಲೇಜ್, ಅಂದರೆ ಗ್ಲೇಜ್‌ನ ಅಡಿಗೆ ಹಚ್ಚುವ ಬಣ್ಣ. ಹಸಿ ಇದ್ದಾಗ ಪೇಲವ, ಒಣಗಿದಾಗ ಇನ್ನೂ ಪೇಲವ, ಸುಣ್ಣ ಬಳಿದ ಗೋಡೆಯ ಹಾಗೆ. ಮೇಲೆ ಗ್ಲೇಜ್ ಕರಗಿ ಗಾಜಾದಾಗಲೇ ಅದರ ನಿಜ ಬಣ್ಣ ಹೊರಗೆ ಬರುವುದು. ಒಣಗಿದ ಬೆಣಚುಕಲ್ಲಿಗೆ ನೀರು ಹಾಕಿದ ಕೂಡಲೇ ಬಣ್ಣ ಎದ್ದು ಕಾಣುತ್ತದಲ್ಲ, ಅದೇ ಥರ. ಅಷ್ಟೇ ಅಲ್ಲ, ಕೆಲವು ಬಣ್ಣ ಪೂರ್ತಿ ಬೇರೆಯೇ ಆಗಿಬಿಡುತ್ತವೆ. ಮಾಸಲು ನೇರಳೆ ಅಂದುಕೊಂಡದ್ದು ಸುಟ್ಟ ಮೇಲೆ ಗಾಢ ನೀಲಿಯಾಗಬಹುದು.

ಹಾಗಾಗಿ ಡಬ್ಬಿ ನೋಡಿ ಬಣ್ಣ ಆರಿಸಬೇಡಿ. ಪ್ರತಿ ಬಣ್ಣವನ್ನೂ ಹಚ್ಚಿ ಸುಟ್ಟು ನೇತುಹಾಕಿದ ಸಣ್ಣ ಮಾದರಿ ಟೈಲ್‌ಗಳು ಸ್ಟುಡಿಯೋದಲ್ಲಿ ಇರುತ್ತವೆ. ಅದನ್ನು ನೋಡಿ ಆರಿಸಿ, ನಂಬರ್ ನೋಡಿ ಡಬ್ಬಿ ತೆಗೆಯಿರಿ. ಎರಡು ಮೂರು ಬಣ್ಣ ತಟ್ಟೆಗೆ ಹಾಕಿಕೊಂಡ ಮೇಲೆ ಯಾವುದು ಯಾವುದು ಅಂತ ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಜಗತ್ತಿನ ಮಣ್ಣಿನ ಪಾತ್ರೆಗಳಲ್ಲಿ ನೀಲಿ ಯಾಕೆ ಇಷ್ಟೊಂದು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಆ ನೀಲಿ ಕೊಡುವ ಕೋಬಾಲ್ಟ್ ಅನ್ನುವ ಲೋಹ ಎಂಥಾ ಬೆಂಕಿಗೂ ಜಗ್ಗುವುದಿಲ್ಲ. 14ನೇ ಶತಮಾನದಲ್ಲಿ ಚೀನಾದ ಜಿಂಗ್‌ಡೆಜೆನ್‌ನಲ್ಲಿ ಬಿಳಿ ಪಿಂಗಾಣಿಯ ಮೇಲೆ ನೀಲಿ ಬರೆಯಲು ಪರ್ಷಿಯಾದ ಕಡೆಯಿಂದ ಕೋಬಾಲ್ಟ್ ತರಿಸುತ್ತಿದ್ದರು. ಕೆಂಪು ಇದಕ್ಕೆ ತದ್ವಿರುದ್ಧ, ಬಲು ನಾಜೂಕು. ತೆಳ್ಳಗೆ ಹಚ್ಚಿದರೆ ಕಂದು, ಗುಲಾಬಿ ಏನೋ ಒಂದಾಗಿ ಬರುತ್ತದೆ. ಮೊದಲ ಪಾತ್ರೆಗೆ ನೀಲಿ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ನೀಲಿಯಲ್ಲಿ ಕೆಟ್ಟದಾಗಿ ಬಿಡಿಸಿದ್ದೂ ಬೇಕೆಂದೇ ಹಾಗೆ ಬಿಡಿಸಿದ ಹಾಗೆ ಕಾಣುತ್ತದೆ.

ಎಷ್ಟು ಕೋಟ್ ಹಚ್ಚಬೇಕು?

ಬಣ್ಣ ಗಟ್ಟಿಯಾಗಿ ಬರಬೇಕಾದರೆ ಮೂರು. ಒಂದೇ ಕೋಟ್ ಆದರೆ ನೀರುಬಣ್ಣದ ಹಾಗೆ ತೆಳ್ಳಗೆ, ಬ್ರಷ್‌ನ ಗೆರೆ ಎಲ್ಲ ಕಾಣುತ್ತದೆ. ಅದೇ ಬೇಕು ಅಂತ ಮಾಡಿದರೆ ಚೆಂದ, ಆಲಸ್ಯಕ್ಕೆ ಮಾಡಿದರೆ ಗೊತ್ತಾಗಿಬಿಡುತ್ತದೆ. ಒಂದು ಕೋಟ್‌ನ ಹೊಳಪು ಹೋಗಿ ಮಂಕಾದ ಮೇಲೆ ಮುಂದಿನದು. ಮೊದಲನೆಯದನ್ನು ಅಡ್ಡಡ್ಡ ಹಚ್ಚಿದರೆ ಎರಡನೆಯದನ್ನು ಉದ್ದುದ್ದ ಹಚ್ಚಿ, ಗೆರೆ ಮುಚ್ಚಿಹೋಗುತ್ತದೆ. ತೀರಾ ದಪ್ಪ ಬಳಿದರೆ ಒಣಗುವಾಗ ಸಿಪ್ಪೆ ಏಳುತ್ತದೆ.

ಬಣ್ಣ ಮುಟ್ಟುವ ಮೊದಲು ಒಂದು ಕೆಲಸ ಇದೆ. ಒದ್ದೆ ಸ್ಪಂಜು ಹಿಂಡಿ ಪಾತ್ರೆಯ ಧೂಳು ಒರೆಸಿ. ಕೈಗೆ ಕ್ರೀಮ್, ಎಣ್ಣೆ ಹಚ್ಚಿಕೊಂಡಿದ್ದರೆ ಸೋಪು ಹಾಕಿ ತೊಳೆಯಿರಿ. ಜಿಡ್ಡು ತಾಕಿದ ಜಾಗದಲ್ಲಿ ಬಣ್ಣವೂ ನಿಲ್ಲುವುದಿಲ್ಲ, ಗ್ಲೇಜ್ ಕೂಡ ನಿಲ್ಲುವುದಿಲ್ಲ. ನನ್ನ ಒಂದು ತಟ್ಟೆಯ ಅಂಚಿನಲ್ಲಿ ಹೆಬ್ಬೆರಳಿನ ಅಳತೆಯ ಬೋಳು ಜಾಗ ಇದೆ. ಯಾರದು ಅಂತ ಬೇರೆ ಹೇಳಬೇಕಾ.

ತಪ್ಪಾದರೆ ಅಳಿಸಬಹುದಾ?

ಪೆನ್ಸಿಲ್ ಗೆರೆಯಾದರೆ ಅಳಿಸುವುದೇ ಬೇಡ, ಕಿಲ್ನ್‌ನಲ್ಲಿ ಸುಟ್ಟು ಮಾಯವಾಗುತ್ತದೆ. ಹಾಗಾಗಿ ಧಾರಾಳವಾಗಿ ಗೀಚಿಕೊಳ್ಳಿ. ಬಣ್ಣದ ತಪ್ಪಾದರೆ ಕೂಡಲೇ ಒದ್ದೆ ಸ್ಪಂಜಿನಿಂದ ಒರೆಸಿ. ಒಣಗಿದ್ದರೆ ಮೊನಚಾದ ಸಲಕರಣೆಯಿಂದ ಮೆಲ್ಲಗೆ ಕೆರೆಯಿರಿ, ಪುಡಿಯನ್ನು ಊದದೆ ಒದ್ದೆ ಸ್ಪಂಜಿನಿಂದ ತೆಗೆಯಿರಿ. ತಿಳಿ ಬಣ್ಣ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಕಪ್ಪು, ಕಡುನೀಲಿ ಮೈಯೊಳಗೆ ಇಳಿದು ಕಲೆ ಉಳಿಸುತ್ತವೆ. ಅದಕ್ಕೇ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಕಪ್ಪಿನ ಮೇಲೆ ಹಳದಿ ಹಚ್ಚಿದರೆ ಹಳದಿ ಮುಳುಗಿಹೋಗುತ್ತದೆ.

ಕಪ್ಪು ಚುಕ್ಕಿ ಬಿದ್ದು ಹೋಗಲೊಲ್ಲದು ಅಂದರೆ ಅದರ ಸುತ್ತ ಇನ್ನೂ ನಾಲ್ಕು ಚುಕ್ಕಿ ಇಡಿ.

ಚಿತ್ರ ಬಾರದವರು ಏನು ಮಾಡಬಹುದು?

ಬ್ರಷ್‌ನಿಂದ ಬಿಡಿಸುವುದೊಂದೇ ದಾರಿಯಲ್ಲ. ಸ್ಪಂಜನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಒತ್ತಬಹುದು. ಟೇಪ್ ಅಂಟಿಸಿ ಮೇಲೆ ಬಣ್ಣ ಬಳಿದು, ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಕಿತ್ತರೆ ನೇರ ಗೆರೆಗಳು ಬರುತ್ತವೆ. ನಡುಗುವ ಕೈಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ ಬಣ್ಣದಲ್ಲಿ ಅದ್ದಿ ಬೆರಳಿನಿಂದ ಮೀಟಿದರೆ ಹನಿ ಸಿಡಿದು ನಕ್ಷತ್ರಗಳ ಆಕಾಶ. (ಎದುರಿಗೆ ಕೂತವರ ಅಂಗಿ ನೋಡಿಕೊಳ್ಳಿ.) ಬಣ್ಣಕ್ಕೆ ಸ್ವಲ್ಪ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಸ್ಟ್ರಾದಿಂದ ಊದಿದರೆ ನೊರೆ ಉಕ್ಕುತ್ತದೆ. ಆ ಗುಳ್ಳೆಗಳನ್ನು ಪಾತ್ರೆಯ ಮೇಲೆ ಒಡೆಯಲು ಬಿಟ್ಟರೆ ಉಂಗುರಗಳ ಗುರುತು ಉಳಿಯುತ್ತದೆ. ಇದನ್ನು ಮಾಡುವಾಗ ಊದಬೇಕು, ಎಳೆದುಕೊಳ್ಳಬಾರದು!

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕೆರೆದು ಬಿಡಿಸುವುದು. ಎರಡು ಮೂರು ಕೋಟ್ ಗಾಢ ಬಣ್ಣ ಹಚ್ಚಿ, ಅದು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮೊನೆಯಿಂದ ಗೀರುತ್ತಾ ಹೋಗುವುದು. ಕೆಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. ಬ್ರಷ್ ಹಿಡಿಯಲು ಬಾರದ ಕೈಗೂ ಪೆನ್ನು ಹಿಡಿದು ರೂಢಿ ಇರುತ್ತದಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಇವರಿಗೆ ಚುಕ್ಕಿಯೇ ಸಾಕು. ಬ್ರಷ್‌ನ ಹಿಂಬದಿಯನ್ನು ಬಣ್ಣದಲ್ಲಿ ಅದ್ದಿ ಒತ್ತುತ್ತಾ ಹೋದರೆ ಗಂಟೆಗಟ್ಟಲೆ ಮಾತಿಲ್ಲದೆ ಕೂತಿರುತ್ತಾರೆ. ಪಾತ್ರೆಯನ್ನು ತಿರುಗುಮಣೆಯ ಮೇಲಿಟ್ಟು ಬ್ರಷ್ ಅಲುಗಿಸದೆ ಮಣೆಯನ್ನೇ ತಿರುಗಿಸಿದರೆ ಸುತ್ತುಗೆರೆ ಚೊಕ್ಕಟವಾಗಿ ಬರುತ್ತದೆ ಅನ್ನುವುದನ್ನೂ ಅವರೇ ಕಂಡುಕೊಂಡರು.

ಹೆಸರು, ದಿನಾಂಕ ಬರೆಯಬಹುದಾ?

ಖಂಡಿತ ಬರೆಯಿರಿ, ತಳದಲ್ಲಿ, ತೆಳು ಬ್ರಷ್‌ನಿಂದ. ಇಲ್ಲದಿದ್ದರೆ ಒಂದು ವಾರದ ನಂತರ ಹತ್ತಾರು ಬಿಳಿ ಮಗ್‌ಗಳ ನಡುವೆ ನಿಮ್ಮದು ಯಾವುದು ಅಂತ ಸ್ಟುಡಿಯೋದವರಿಗೂ ಗೊತ್ತಾಗುವುದಿಲ್ಲ.

ಅವತ್ತೇ ಮನೆಗೆ ತರಬಹುದಾ?

ಆಗುವುದಿಲ್ಲ. ಸಾಮಾನ್ಯವಾಗಿ ಒಂದು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ. ಮೊದಲು ಬಣ್ಣ ಒಣಗಬೇಕು. ಗ್ಲೇಜ್‌ನಲ್ಲಿ ಅದ್ದಿ ಮತ್ತೆ ಒಣಗಿಸಬೇಕು. ಕಿಲ್ನ್ ತುಂಬುವಷ್ಟು ಪಾತ್ರೆ ಸೇರುವವರೆಗೆ ಕಾಯಬೇಕು. ಸುಮಾರು 1000 ಡಿಗ್ರಿಗೆ ಏರಲು ಹಲವು ಗಂಟೆ, ಆರಲು ಅದಕ್ಕಿಂತ ಜಾಸ್ತಿ. ತಣ್ಣಗಾಗಿಸುವುದರಲ್ಲೇ ತಾಳ್ಮೆ ಬೇಕಾಗುವುದು. ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳು 573 ಡಿಗ್ರಿಯ ಹತ್ತಿರ ತಟ್ಟನೆ ಗಾತ್ರ ಬದಲಿಸುತ್ತದೆ. ಆ ಹಂತವನ್ನು ಅವಸರದಲ್ಲಿ ದಾಟಿಸಿದರೆ ಪಾತ್ರೆ ಬಿರುಕು ಬಿಡುತ್ತದೆ. ಆತುರಕ್ಕೆ ಬಾಗಿಲು ತೆರೆದರೂ ಅದೇ ಗತಿ.

ಅಂದಹಾಗೆ, ಗ್ಲೇಜ್‌ನಲ್ಲಿ ಅದ್ದಿದ ನಿಮ್ಮ ಪಾತ್ರೆಯನ್ನು ಯಾರಾದರೂ ತೋರಿಸಿದರೆ ಗಾಬರಿಯಾಗಬೇಡಿ. ಎಷ್ಟೋ ಪಾರದರ್ಶಕ ಗ್ಲೇಜ್‌ಗಳು ಸುಡುವ ಮೊದಲು ತಿಳಿನೀಲಿ ಅಥವಾ ಗುಲಾಬಿ ಬಣ್ಣದಲ್ಲಿರುತ್ತವೆ. ಎಲ್ಲ ಕಡೆ ತಾಕಿದೆಯಾ ಅಂತ ನೋಡಲು ಹಾಕಿದ ಬಣ್ಣ ಅದು, ಬೆಂಕಿಯಲ್ಲಿ ಹೋಗುತ್ತದೆ. ನಿಮ್ಮ ಚಿತ್ರ ಅದರಡಿಯಲ್ಲಿ ಮುಚ್ಚಿಹೋಗಿರುತ್ತದೆ ಅಷ್ಟೇ.

ಆ ವಾರದ ಕಾಯುವಿಕೆ ನಮಗೆ ಈಗ ಇಷ್ಟ. ಬುಧವಾರ ಗುರುವಾರದ ಹೊತ್ತಿಗೆ ಏನು ಬಿಡಿಸಿದ್ದೆವು ಅನ್ನುವುದೇ ಅರ್ಧ ಮರೆತಿರುತ್ತದೆ. ತರಲು ಹೋಗುವುದೇ ಇನ್ನೊಂದು ಸುತ್ತಾಟಕ್ಕೆ ನೆಪ.

ಸುಟ್ಟು ಬಂದ ಮೇಲೆ ತಳದಲ್ಲಿ ಮೂರು ಚುಕ್ಕೆ ಇದೆ, ಏನದು?

ಕಿಲ್ನ್‌ನಲ್ಲಿ ಪಾತ್ರೆಯನ್ನು ನೇರ ಹಲಗೆಯ ಮೇಲಿಟ್ಟರೆ ಕರಗಿದ ಗ್ಲೇಜ್ ಹಲಗೆಗೇ ಅಂಟಿಬಿಡುತ್ತದೆ. ಅದಕ್ಕೆ ಮೂರು ಮುಳ್ಳಿನ ಪುಟ್ಟ ಕಾಲುಮಣೆಯ ಮೇಲೆ ಕೂರಿಸುತ್ತಾರೆ. ಆ ಮುಳ್ಳಿನ ಗುರುತು ಅದು. ಚೂಪಾಗಿದ್ದರೆ ಉಜ್ಜಿ ನುಣುಪು ಮಾಡಿಕೊಡಿ ಅಂತ ಕೇಳಿ. ಮೈಮೇಲೆ ಗುಂಡುಸೂಜಿ ಮೊನೆಯಷ್ಟು ತೂತು ಕಂಡರೆ ಅದು ಒಳಗಿನ ಗಾಳಿ ಗ್ಲೇಜ್ ಒಡೆದು ಹೊರಬಂದ ಗುರುತು. ಒಂದೆರಡು ಇದ್ದರೆ ನೋಟಕ್ಕೆ ತೊಂದರೆಯಿಲ್ಲ.

ಅದರಲ್ಲಿ ತಿನ್ನಬಹುದಾ, ಕುಡಿಯಬಹುದಾ?

ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಒಂದು, ಬಣ್ಣ ಮತ್ತು ಗ್ಲೇಜ್ ಸೀಸ ಇಲ್ಲದವೇ, ಊಟದ ಪಾತ್ರೆಗೆ ಅಂತ ಡಬ್ಬಿಯ ಮೇಲೆ ಬರೆದಿದೆಯೇ. ಗ್ಲೇಜ್ ಬೇಗ ಕರಗಲಿ ಅಂತ ಹಿಂದೆ ಸೀಸ ಸೇರಿಸುತ್ತಿದ್ದರು. ಹುಳಿ ಪದಾರ್ಥ ಆ ವಿಷವನ್ನು ಹೊರಗೆ ಎಳೆಯುತ್ತದೆ. ಎರಡು, ತಿನ್ನುವ ಕುಡಿಯುವ ಜಾಗವೆಲ್ಲ ಗ್ಲೇಜ್‌ನಿಂದ ಪೂರ್ತಿ ಮುಚ್ಚಿದೆಯೇ. ಮೇಲ್ಮೈಯಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕಿನ ಜಾಲ ಕಂಡರೆ ಅದನ್ನು ಅಲಂಕಾರಕ್ಕೆ ಇಟ್ಟುಬಿಡಿ. ಬಿರುಕಿನ ಮೂಲಕ ನೀರು ಒಳಗಿನ ಮಣ್ಣಿಗೆ ಇಳಿಯುತ್ತದೆ, ಕೊಳೆ ಕೂರುತ್ತದೆ.

ಇಂಥ ಪಾತ್ರೆಗಳ ಮಣ್ಣು ಎರಡು ಸಲ ಸುಟ್ಟರೂ ಒಳಗೆ ತೂತುತೂತಾಗಿಯೇ ಇರುತ್ತದೆ. ಎಲ್ಲೋ ಒಂದು ಕಡೆ ಗ್ಲೇಜ್ ತಪ್ಪಿದ್ದರೆ ಅಲ್ಲಿಂದ ನೀರು ಕುಡಿಯುತ್ತದೆ. ಆಮೇಲೆ ಮೈಕ್ರೋವೇವ್‌ನಲ್ಲಿಟ್ಟರೆ ಒಳಗಿರುವುದಕ್ಕಿಂತ ಮಗ್‌ನ ಹಿಡಿಯೇ ಜಾಸ್ತಿ ಬಿಸಿಯಾಗುತ್ತದೆ. ಕೈಯಲ್ಲಿ ತೊಳೆಯಿರಿ, ನೀರಿನಲ್ಲಿ ನೆನೆಸಿಡಬೇಡಿ, ಫ್ರಿಜ್‌ನಿಂದ ತೆಗೆದು ಕುದಿಯುವುದನ್ನು ಸುರಿಯಬೇಡಿ.

ಸ್ಟುಡಿಯೋ ಹತ್ತಿರದಲ್ಲಿಲ್ಲ. ಮನೆಯಲ್ಲೇ ಆಗುತ್ತಾ?

ಆಗುತ್ತದೆ, ಆದರೆ ಅದು ಬೇರೆ ಥರ. ಹೂಕುಂಡಕ್ಕೆ ಅಕ್ರಿಲಿಕ್ ಬಣ್ಣ ಸಾಕು. ಕುಂಡದ ಒಳಗಿನಿಂದ ತೇವ ಹೊರಗೆ ಬಂದು ಬಣ್ಣವನ್ನು ಉಬ್ಬಿಸಿ ಕೀಳುತ್ತದೆ, ಹಾಗಾಗಿ ಮೊದಲು ಒಳಮೈಗೆ ನೀರು ತಡೆಯುವ ಸೀಲರ್ ಹಚ್ಚಿ ಒಣಗಿಸಿ. ಹೊರಗೆ ಬಣ್ಣ ಒಣಗಿದ ಮೇಲೆ ವಾರ್ನಿಷ್. ಊಟದ ಪಾತ್ರೆಗೆ ಅಕ್ರಿಲಿಕ್ ಬೇಡವೇ ಬೇಡ.

ಆಗಲೇ ಗ್ಲೇಜ್ ಆಗಿರುವ ಬಿಳಿ ಮಗ್ ಮೇಲೆ ಹಚ್ಚಿ ಮನೆಯ ಓವನ್‌ನಲ್ಲಿ ಬೇಯಿಸುವ ಪಿಂಗಾಣಿ ಬಣ್ಣಗಳೂ ಸಿಗುತ್ತವೆ. ಒಂದು ದಿನ ಒಣಗಲು ಬಿಟ್ಟು, ತಣ್ಣಗಿನ ಓವನ್‌ನಲ್ಲಿಟ್ಟು, 150 ಡಿಗ್ರಿ ಮುಟ್ಟಿದ ಮೇಲೆ 35 ನಿಮಿಷ ಅನ್ನುವ ಲೆಕ್ಕ ಕೆಲವದರಲ್ಲಿ ಇದೆ. ನಿಮ್ಮ ಬಾಟಲಿಯ ಮೇಲೆ ಏನಿದೆಯೋ ಅದನ್ನೇ ಪಾಲಿಸಿ. ತುಟಿ ತಾಗುವ ಅಂಚಿನಿಂದ ಎರಡು ಸೆಂಟಿಮೀಟರ್ ಬಿಟ್ಟು ಕೆಳಗೆ ಬಿಡಿಸಿ, ಒಳಗಡೆ ಹಚ್ಚಬೇಡಿ.

ನನ್ನ ಮಾತು ಕೇಳುವುದಾದರೆ, ಮನೆಯಲ್ಲಿ ಮಾಡಿದ್ದು ಅಷ್ಟು ರುಚಿಸುವುದಿಲ್ಲ. ಕುಕ್ಕರ್ ಕೂಗುತ್ತದೆ, ಬಾಗಿಲು ಬಡಿಯುತ್ತಾರೆ, ಒಬ್ಬರು ಎದ್ದು ಹೋಗುತ್ತಾರೆ.

ಯಾವ ಬಟ್ಟೆ ಹಾಕ್ಕೊಂಡು ಹೋಗೋದು?

ಹಳೆಯದು. ಬಣ್ಣ ನೀರಿನದೇ, ತೊಳೆದರೆ ಸಾಮಾನ್ಯವಾಗಿ ಹೋಗುತ್ತದೆ, ಆದರೆ ಕೆಲವು ಕಲೆ ಹಟಮಾರಿ. ಉದ್ದ ತೋಳು ಮಡಚಿಕೊಳ್ಳಿ. ಉಂಗುರ, ಬಳೆ ತೆಗೆದಿಟ್ಟರೆ ಪಾತ್ರೆಗೆ ಗೀರಾಗುವುದಿಲ್ಲ.

ಎರಡು ಗಂಟೆ ಎದುರುಬದುರು ಕೂತು ಏನು ಮಾತಾಡೋದು?

ಎದುರುಬದುರು ಕೂರಬೇಡಿ, ಪಕ್ಕಪಕ್ಕ ಕೂರಿ. ಕಣ್ಣು ಪಾತ್ರೆಯ ಮೇಲಿರುತ್ತದೆ, ಕೈಗೆ ಕೆಲಸವಿರುತ್ತದೆ. ಮಾತು ಬಂದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಮುಖ ನೋಡಿ ಹೇಳಲಾಗದ ಎಷ್ಟೋ ವಿಷಯ ನಮ್ಮಲ್ಲಿ ಎರಡನೇ ಕೋಟ್ ಒಣಗುವಾಗ ಹೊರಬಂದಿವೆ. ಹಾಗಂತ ಮನೆ ಖರ್ಚಿನ ಲೆಕ್ಕ ತೆಗೆಯಲು ಇದೇ ಸಮಯ ಅಂದುಕೊಳ್ಳಬೇಡಿ. ಒಮ್ಮೆ ತೆಗೆದೆವು. ಆ ದಿನದ ಬಟ್ಟಲು ಒಂದೇ ಕೋಟ್‌ನದು.

ಜಗಳ ಆಡಿಕೊಂಡ ದಿನ ಹೋಗಬಹುದಾ?

ಹೋಗಿ. ಚುಕ್ಕಿ ಇಡಿ.

ಮಕ್ಕಳನ್ನು ಕರೆದುಕೊಂಡು ಹೋಗೋದಾ?

ಹೋಗಬಹುದು, ಅವರಿಗೆ ಬಲು ಖುಷಿ. ಆದರೆ ಅದು ಮಕ್ಕಳ ಸುತ್ತಾಟವಾಗುತ್ತದೆ. ಇಬ್ಬರದೇ ಬೇಕು ಅಂದರೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಒಡೆದು ಹೋದರೆ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆಯೇ ಇದೆಯಲ್ಲ. ನಮ್ಮಲ್ಲಿ ದೊಣ್ಣೆ ಆದದ್ದು ನನ್ನ ಮೊಣಕೈ. ಇವರು ಚುಕ್ಕಿ ಇಟ್ಟ ಅತಿ ದೊಡ್ಡ ತಟ್ಟೆ ಮೂರು ಹೋಳಾಯಿತು. ಜಪಾನಿನಲ್ಲಿ ಕಿಂತ್ಸುಗಿ ಅನ್ನುವ ಕಲೆ ಇದೆ. ಒಡೆದ ಹೋಳುಗಳನ್ನು ಉರುಶಿ ಮರದ ಅಂಟಿನಿಂದ ಕೂಡಿಸಿ, ಕೂಡಿದ ಗೆರೆಗೆ ಚಿನ್ನದ ಪುಡಿ ಹಚ್ಚುತ್ತಾರೆ. ಬಿರುಕನ್ನು ಬಚ್ಚಿಡುವುದಿಲ್ಲ, ತೋರಿಸುತ್ತಾರೆ. ಅಸಲಿ ಅಂಟು ಗಟ್ಟಿಯಾಗಲು ವಾರಗಳೇ ಬೇಕು. ನಾವು ಮಾಡಿದ್ದು ಎಪಾಕ್ಸಿ ಅಂಟಿಗೆ ಬಂಗಾರದ ಬಣ್ಣದ ಪುಡಿ ಕಲಸಿ ಹಚ್ಚಿದ ಅಗ್ಗದ ನಕಲು. ಅದರಲ್ಲಿ ತಿನ್ನುವ ಹಾಗಿಲ್ಲ, ಬೀಗದಕೈ ಹಾಕಿಡಲು ಬಾಗಿಲ ಹತ್ತಿರ ಇಟ್ಟಿದ್ದೇವೆ. ಹೋಳು ಸಿಕ್ಕಿದ ಕೂಡಲೇ ಅಂಟಿಸಲು ಕೂರಬೇಡಿ, ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಯಾವುದರ ಮೇಲೆ ಯಾವುದು ಅಂತ ಕ್ರಮ ತಪ್ಪಿದರೆ ಕೊನೆಯ ಹೋಳು ಕೂರುವುದೇ ಇಲ್ಲ.

ಮನೆ ತುಂಬ ಪಾತ್ರೆ ಆಯಿತು. ಇನ್ನೇನು ಮಾಡೋದು?

ಪ್ರತಿ ಸಲ ಹೊಸ ಪಾತ್ರೆಯೇ ಆಗಬೇಕು ಅಂತಿಲ್ಲ. ಒಂದೇ ಅಳತೆಯ ಟೈಲ್ ತೆಗೆದುಕೊಂಡರೆ ಸಾಲಾಗಿ ಗೋಡೆಗೆ ಹಾಕಬಹುದು, ಜಾಗ ತಿನ್ನುವುದಿಲ್ಲ. ಮಾಡಿದ್ದನ್ನು ಕೊಟ್ಟುಬಿಡಿ, ಆದರೆ ಕೇಳಿದವರಿಗೆ ಮಾತ್ರ. ಕೈಯಾರೆ ಮಾಡಿದ್ದನ್ನು ಬಲವಂತಕ್ಕೆ ತೆಗೆದುಕೊಂಡವರು ಅದನ್ನು ಎಸೆಯಲೂ ಆಗದೆ ಇಡಲೂ ಆಗದೆ ಒದ್ದಾಡುತ್ತಾರೆ. ನಾವು ಮೂರು ತಿಂಗಳಿಗೊಮ್ಮೆ ಕಪಾಟು ಪೂರ್ತಿ ಇಳಿಸುತ್ತೇವೆ. ಇಬ್ಬರಲ್ಲಿ ಒಬ್ಬರಿಗೆ ಬೇಡ ಅನ್ನಿಸಿದರೂ ಅದು ಹೊರಗೆ. ಆದರೆ ಇನ್ನೊಬ್ಬರು ಎಷ್ಟೇ ಬೇಡ ಅಂದರೂ ಒಂದೊಂದು ಪಾತ್ರೆ ಉಳಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇದೆ. ಇವರು ಅದನ್ನು ಪ್ರತಿ ಸಲವೂ ಆ ಮೀನಿನ ತಟ್ಟೆಗೇ ಬಳಸುತ್ತಾರೆ.